ಸಿದ್ಧಗಂಗೆಯ ದಾಸೋಹ: ಕೊಟ್ಟವರ ಹೆಸರು ಕೇಳದ ಪಂಕ್ತಿ

ತಂದೆಯವರ ನೆನಪಿಗಾಗಿ ಪ್ರತಿ ವರ್ಷ ಮಕ್ಕಳ ಊಟಕ್ಕೆ ಒಂದಿಷ್ಟು ಕೊಡುವುದು ನಮ್ಮ ಮನೆಯಲ್ಲಿ ನಡೆದುಬಂದ ಪದ್ಧತಿ. ಕೆಲವು ವರ್ಷಗಳ ಹಿಂದೆ ಬೇರೊಂದು ಸಂಸ್ಥೆಗೆ ಹಣ ಕೊಟ್ಟಿದ್ದೆವು. ಅಲ್ಲಿ ಊಟಕ್ಕೆ ಮೊದಲು ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ, ನಮ್ಮ ಹೆಸರು ಬರೆದ ಬ್ಯಾನರಿನ ಮುಂದೆ ಕೈಮುಗಿಸಿ ಫೋಟೊ ತೆಗೆಸಿದರು. ಹಸಿದ ಮಕ್ಕಳು ಅಷ್ಟು ಹೊತ್ತು ತಟ್ಟೆ ಹಿಡಿದು ಕಾದದ್ದನ್ನು ನೋಡಿ ನನ್ನ ತಾಯಿ ಅಂದು ಅಲ್ಲಿ ಊಟ ಮಾಡಲಿಲ್ಲ. ಈ ಸುಗ್ಗಿಯಲ್ಲಿ ಎರಡು ಮೂಟೆ ರಾಗಿಯನ್ನು ತುಮಕೂರಿನ ಸಿದ್ಧಗಂಗಾ ಮಠಕ್ಕೆ ಒಯ್ದದ್ದು ಆ ನೋವಿನಿಂದಲೇ.

ಮಠವಿರುವುದು ತುಮಕೂರಿನ ಪಕ್ಕದ ಕ್ಯಾತಸಂದ್ರದಲ್ಲಿ. ಬೆಂಗಳೂರಿನಿಂದ ಬರುವವರಿಗೆ ಹೆದ್ದಾರಿಯೂ ಇದೆ, ರೈಲು ನಿಲ್ದಾಣವೂ ಇದೆ. ರಾಗಿ ಉಗ್ರಾಣಕ್ಕೆ ಹೋಯಿತು, ನಮ್ಮ ಕೈಗೆ ರಸೀದಿ ಬಂತು, ಊಟ ಮಾಡಿಕೊಂಡು ಹೋಗಿ ಎಂದರು. ಅಲ್ಲಿಗೆ ಕೊಡುವ ಕೆಲಸ ಮುಗಿಯಿತು. ನಮ್ಮ ಎರಡು ಮೂಟೆ ಉಳಿದ ಮೂಟೆಗಳ ನಡುವೆ ಸೇರಿಹೋದ ಮೇಲೆ ಯಾವುದು ಯಾರದೆಂದು ನನಗೂ ಗುರುತು ಸಿಗಲಿಲ್ಲ. ದಾನಕ್ಕೂ ದಾಸೋಹಕ್ಕೂ ಶರಣರು ಕಂಡ ಅಂತರ ಇದೇ ಇರಬೇಕು: ದಾನದಲ್ಲಿ ಕೊಡುವವನು ಉಳಿಯುತ್ತಾನೆ, ದಾಸೋಹದಲ್ಲಿ ಅವನೂ ಪಂಕ್ತಿಯಲ್ಲಿ ಕೂರುತ್ತಾನೆ.

ಊಟದ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮುದ್ದೆ ಬಿಸಿಯಾಗಿತ್ತು, ಗಂಟಿಲ್ಲದೆ ನುಣ್ಣಗಿತ್ತು; ಸಾರಿನಲ್ಲಿ ಬೇಳೆ, ತರಕಾರಿ ಎರಡೂ ಕೈಗೆ ಸಿಗುವಷ್ಟಿದ್ದವು; ಕೊನೆಗೆ ಅನ್ನ, ಮಜ್ಜಿಗೆ. ನನ್ನೆದುರು ಕುಳಿತಿದ್ದ ಚಿಕ್ಕ ಹುಡುಗನೊಬ್ಬನಿಗೆ ಮುದ್ದೆ ನುಂಗುವುದು ಬರುತ್ತಿರಲಿಲ್ಲ. ಜೋಳದ ರೊಟ್ಟಿಯ ಸೀಮೆಯಿಂದ ಬಂದವನೆಂದು ಅವನ ಮಾತಿನಿಂದಲೇ ತಿಳಿಯುತ್ತಿತ್ತು. ಪಕ್ಕದಲ್ಲಿದ್ದ ದೊಡ್ಡ ಹುಡುಗ ತನ್ನ ಮುದ್ದೆಯಿಂದ ಒಂದು ತುತ್ತು ಮುರಿದು, ಸಾರಿನಲ್ಲಿ ಹೊರಳಿಸಿ, ಅಗಿಯದೆ ನುಂಗಿ ತೋರಿಸಿದ; ಚಿಕ್ಕವನು ಮೂರನೆಯ ತುತ್ತಿಗೆ ಕಲಿತ. ಅವರಿಬ್ಬರ ಜಾತಿ ಯಾವುದೆಂದು ಆ ಪಂಕ್ತಿಯಲ್ಲಿ ಯಾರೂ ಕೇಳುವುದಿಲ್ಲ.

ಮಠದ ಹಿಂದಿನ ಗುರುಗಳಾದ ಉದ್ಧಾನ ಶಿವಯೋಗಿಗಳ ಕಾಲದಲ್ಲಿ, 1917ರಲ್ಲಿ, ಒಂದು ಸಂಸ್ಕೃತ ಪಾಠಶಾಲೆಯಿಂದ ಮೊದಲಾದ ಈ ವಿದ್ಯೆಯ ಕೆಲಸವನ್ನು ಶಿವಕುಮಾರ ಸ್ವಾಮೀಜಿಯವರು ಜೋಳಿಗೆ ಹಿಡಿದು ಹಳ್ಳಿಹಳ್ಳಿ ಸುತ್ತಿ ಬೆಳೆಸಿದರು. ಅನ್ನ, ಅಕ್ಷರ, ಆಶ್ರಯ ಎಂಬ ಮೂರನ್ನೂ ಉಚಿತವಾಗಿ ಪಡೆಯುವ ಮಕ್ಕಳ ಸಂಖ್ಯೆ ಇಂದು ಹತ್ತು ಸಾವಿರದ ಆಸುಪಾಸಿನಲ್ಲಿದೆ. 2019ರ ಜನವರಿ 21ರಂದು ಶ್ರೀಗಳು ಶಿವೈಕ್ಯರಾದಾಗ, ಮಕ್ಕಳ ಊಟ ಮುಗಿಯುವವರೆಗೆ ಆ ಸುದ್ದಿಯನ್ನು ಪ್ರಕಟಿಸಿರಲಿಲ್ಲ. ಈ ಸಂಸ್ಥೆಯ ಕ್ರಮ ಅರಿಯಲು ಇದೊಂದು ಸಂಗತಿ ಸಾಕು ಎಂದು ನಾನು ತಿಳಿದಿದ್ದೇನೆ.

ಇದರಿಂದ ಮನೆಗಳಿಗೆ ಆಗುವ ಸಹಾಯ ಕಣ್ಣಿಗೆ ಬೇಗ ಬೀಳುವುದಿಲ್ಲ. ಮಳೆ ಕೈಕೊಟ್ಟ ವರ್ಷ ಪಾವಗಡ, ಶಿರಾ ಕಡೆಯ ಕೂಲಿಯ ಮನೆಯೊಂದು ಮಗನನ್ನು ಇಲ್ಲಿ ಬಿಟ್ಟು ಹೋದರೆ ಅಲ್ಲಿ ಒಂದು ತಟ್ಟೆಯ ಚಿಂತೆ ಕಡಿಮೆಯಾಗುತ್ತದೆ, ದುಡಿಮೆ ಹುಡುಕಿಕೊಂಡು ಬೆಂಗಳೂರಿಗೆ ಹೊರಡುವಾಗ ಹುಡುಗನ ಶಾಲೆ ಬಿಡಿಸಬೇಕಾಗುವುದಿಲ್ಲ. ಬೆಂಗಳೂರಿನ ಕಟ್ಟಡದ ಕೆಲಸಗಳಲ್ಲಿ ಶೆಡ್ಡಿನ ಮುಂದೆ ತಂಗಿಯನ್ನು ನೋಡಿಕೊಂಡು ಕೂತಿರುವ ಎಂಟು ವರ್ಷದ ಹುಡುಗರನ್ನು ಕಂಡವರಿಗೆ ಇದರ ಬೆಲೆ ಗೊತ್ತು.

ಕೊಡಬಯಸುವವರಿಗೆ ವ್ಯವಹಾರದ ಎರಡು ಮಾತು. ಕೊಟ್ಟ ದಾನಕ್ಕೆ ಆದಾಯ ತೆರಿಗೆಯಲ್ಲಿ ಸಿಗುವ, 80ಜಿ ಎಂದು ಹೆಸರಾದ ವಿನಾಯಿತಿ ಬೇಕೆನ್ನುವವರು, ಯಾವ ಸಂಸ್ಥೆಗೆ ಕೊಟ್ಟರೂ, 2,000 ರೂಪಾಯಿಗಿಂತ ಹೆಚ್ಚಿನದನ್ನು ನಗದಾಗಿ ಕೊಡದೆ ಚೆಕ್ ಅಥವಾ ಬ್ಯಾಂಕಿನ ಮೂಲಕವೇ ಕೊಡಬೇಕು. ರಾಗಿ, ಅಕ್ಕಿಯಂಥ ವಸ್ತುಗಳಿಗೆ ಆ ವಿನಾಯಿತಿ ಸಿಗುವುದಿಲ್ಲ. ಇನ್ನೊಂದು, ಹುಟ್ಟುಹಬ್ಬಕ್ಕೆಂದು ಮನೆಯಿಂದಲೇ ಸಿಹಿ ಮಾಡಿಸಿ ತರುವ ಉತ್ಸಾಹವನ್ನು ದಯವಿಟ್ಟು ತಡೆಯಿರಿ. ಇಷ್ಟು ಮಕ್ಕಳಿಗೆ ಅದು ಸಾಲುವುದಿಲ್ಲ, ಸಿಕ್ಕದ ಮಗುವಿನ ಮುಖವನ್ನು ನೀವು ನೋಡುವುದೂ ಇಲ್ಲ. ಬೇಳೆಯೋ ಅಕ್ಕಿಯೋ ಬೆಲ್ಲವೋ ಉಗ್ರಾಣಕ್ಕೆ ಸೇರಿದರೆ ಎಲ್ಲರ ತಟ್ಟೆಗೂ ಬರುತ್ತದೆ.

ಹೊರಡುವಾಗ ತಾಯಿಯವರು ತಮ್ಮ ತಟ್ಟೆಯನ್ನು ತಾವೇ ತೊಳೆದಿಟ್ಟು ಬಂದರು. ಮುಂದಿನ ವರ್ಷಕ್ಕೆ ಮೂರು ಮೂಟೆ ಎಂದು ಬಸ್ಸಿನಲ್ಲೇ ತೀರ್ಮಾನವಾಯಿತು.