ವಾರ್ಡಿನಲ್ಲಿ ಕೈ ಶುದ್ಧಿ: ಹ್ಯಾಂಡ್ ರಬ್ಬೋ, ಸೋಪು-ನೀರೋ?

ಸರ್ಕಾರಿ ಆಸ್ಪತ್ರೆಯ ಎಲ್ಲ ವಾರ್ಡಿಗೂ ಒಂದೇ ನಿಯಮ ಮಾಡುವುದಾದರೆ, ದಿನದ ಬಹುಪಾಲು ಕೆಲಸಕ್ಕೆ ಆಲ್ಕೋಹಾಲ್ ಹ್ಯಾಂಡ್ ರಬ್ಬೇ ಸರಿ. 20–30 ಸೆಕೆಂಡಿನಲ್ಲಿ ಮುಗಿಯುತ್ತದೆ. ಸೋಪು-ನೀರಿಗೆ 40–60 ಸೆಕೆಂಡು ಬೇಕು, ಸಿಂಕಿನವರೆಗಿನ ನಡಿಗೆ ಬೇರೆ. ಹಾಸಿಗೆಗಳೆಲ್ಲ ತುಂಬಿ ನರ್ಸ್ ಒಬ್ಬರೇ ಇದ್ದಾಗ ಮೊದಲು ತಪ್ಪಿಹೋಗುವುದೇ ಆ ನಡಿಗೆ. ಹಾಗಾಗಿ ಬಾಟಲಿ ಪ್ರತಿ ಹಾಸಿಗೆಯ ಪಕ್ಕದಲ್ಲೇ ಕೈಗೆ ಸಿಗುವಂತಿರಲಿ. ಅಂಗೈ ತುಂಬ ತೆಗೆದುಕೊಂಡು, ಹೆಬ್ಬೆರಳು, ಉಗುರಿನ ತುದಿ ಬಿಡದೆ ಉಜ್ಜಿ, ತಾನಾಗಿಯೇ ಒಣಗಲು ಬಿಡಬೇಕು. ನಡುವೆ ಒರೆಸಿಕೊಂಡರೆ ಕೆಲಸ ಕೆಟ್ಟಿತು.

ಕೈಗೆ ರಕ್ತ, ಮಲ ಅಂಟಿದ್ದರೆ ಅಥವಾ ಭೇದಿ ರೋಗಿಯನ್ನು ಮುಟ್ಟಿದ್ದರೆ ಮಾತ್ರ ಸೋಪು-ನೀರೇ ಬೇಕು. ಭೇದಿ ತರುವ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾದ ಸ್ಪೋರ್‌ಗಳನ್ನು (ಗಟ್ಟಿ ಕವಚದ ಸುಪ್ತ ರೂಪ) ಆಲ್ಕೋಹಾಲ್ ಕೊಲ್ಲುವುದಿಲ್ಲ. ದ್ರವಸೋಪಿನ ಡಬ್ಬಿಯಲ್ಲಿ ಉಳಿದದ್ದರ ಮೇಲೇ ಹೊಸದನ್ನು ಸುರಿಯಬೇಡಿ, ಬ್ಯಾಕ್ಟೀರಿಯಾ ಬೆಳೆಯುತ್ತದೆ. ಖಾಲಿ ಮಾಡಿ, ತೊಳೆದು, ಒಣಗಿಸಿ ತುಂಬಿ. ಎಲ್ಲರಿಗೂ ಒಂದೇ ಟವೆಲ್ ನೇತುಹಾಕಿದರಂತೂ ತೊಳೆದದ್ದೇ ವ್ಯರ್ಥ.