ಚಾರ್ಮಾಡಿ ಘಾಟಿ ಮತ್ತು ಟೈರ್ ಸೀಲೆಂಟ್: ಒಂದೂವರೆ ವರ್ಷ ಬಳಸಿದ ಮೇಲೆ

ಕಾಫಿ ತೋಟಗಳಿಗೆ ಗೊಬ್ಬರ, ಔಷಧಿ ಮಾರುವುದು ನನ್ನ ಕೆಲಸ. ವಾರಕ್ಕೆರಡು ಸಲ ಮೂಡಿಗೆರೆಯಿಂದ ಉಜಿರೆಗೆ ಬೈಕಲ್ಲೇ ಹೋಗಬೇಕು. ಕೊಟ್ಟಿಗೆಹಾರ ದಾಟಿ ಘಾಟಿ ಇಳಿಯೋಕೆ ಶುರು ಮಾಡಿದರೆ ನಡುವೆ ಎಲ್ಲಿ ಪಂಕ್ಚರ್ ಆದರೂ ತಳ್ಳಿಕೊಂಡೇ ಹೋಗಬೇಕು. ಮಳೆಯಲ್ಲಿ ಒಮ್ಮೆ ಹಾಗೆ ತಳ್ಳಿದ ಮೇಲೆ ಈ ಸೀಲೆಂಟ್, ಅಂದರೆ ಟೈರಿನೊಳಗೆ ತುಂಬಿಟ್ಟರೆ ಪಂಕ್ಚರ್ ತೂತನ್ನು ತಾನೇ ಮುಚ್ಚುವ ದ್ರವ, ತಂದೆ. 300 ಎಂಎಲ್ ಬಾಟಲಿಗೆ 350 ರೂಪಾಯಿ ಕೊಟ್ಟೆ.

ನನ್ನದು ಟ್ಯೂಬ್‌ಲೆಸ್ ಟೈರ್. ವಾಲ್ವ್ ಪಿನ್ ಬಿಚ್ಚಿ ಹಿಂದಿನ ಚಕ್ರಕ್ಕೆ ನಾನೇ ತುಂಬಿದೆ. ಮಜ್ಜಿಗೆಗಿಂತ ದಪ್ಪ, ಗಂಜಿಗಿಂತ ತೆಳು. ಬೆರಳಲ್ಲಿ ಉಜ್ಜಿದರೆ ಸಣ್ಣ ಸಣ್ಣ ನಾರು ಸಿಗುತ್ತದೆ. ಕೆಲಸ ಮಾಡುವುದು ಆ ನಾರೇ. ಗಾಳಿ ತೂತಿನಿಂದ ಹೊರಗೆ ನುಗ್ಗುವಾಗ ದ್ರವವನ್ನೂ ಎಳೆದುಕೊಂಡು ಬರುತ್ತದೆ, ನಾರು ಅಲ್ಲಿ ಸಿಕ್ಕಿಕೊಂಡು ತೂತು ಮುಚ್ಚುತ್ತದೆ. ಅದಕ್ಕೇ ಬಾಟಲಿಯನ್ನು ಚೆನ್ನಾಗಿ ಕುಲುಕಬೇಕು, ಇಲ್ಲದಿದ್ದರೆ ನಾರೆಲ್ಲ ತಳದಲ್ಲೇ ಉಳಿಯುತ್ತದೆ. ಗಾಳಿ ತುಂಬಿದ ಕೂಡಲೇ ನಾಲ್ಕೈದು ಕಿಲೋಮೀಟರ್ ಓಡಿಸಿದರೆ ಟೈರಿನ ಒಳಗೆಲ್ಲ ಹರಡುತ್ತದೆ.

ಕಳೆದ ಜುಲೈನಲ್ಲಿ ಉಜಿರೆಯಲ್ಲಿ ಚಹಾ ಕುಡಿದು ಬಂದಾಗ ಟೈರಲ್ಲಿ ಒಂದಿಂಚಿನ ಮೊಳೆ ಕಂಡಿತು. ಯಾವಾಗ ಚುಚ್ಚಿತ್ತೋ, ಗೊತ್ತೇ ಆಗಿರಲಿಲ್ಲ. ಕಟಿಂಗ್ ಪ್ಲೇಯರ್‌ನಲ್ಲಿ ಕಿತ್ತೆ. ಸುಯ್ ಅಂತ ಗಾಳಿ ಬಂತು. ತೂತು ಕೆಳಗೆ ಬರುವ ಹಾಗೆ ಚಕ್ರ ತಿರುಗಿಸಿ ನಿಲ್ಲಿಸಿದೆ. ಹಸಿರು ನೊರೆ ಗುಳುಗುಳು ಎಂದಿತು, ಆಮೇಲೆ ಗುಳ್ಳೆ ಸಣ್ಣದಾಯಿತು, ಅರ್ಧ ನಿಮಿಷದಲ್ಲಿ ನಿಂತೇಹೋಯಿತು. 32 ಇದ್ದ ಗಾಳಿ 26ಕ್ಕೆ ಇಳಿದಿತ್ತು. ತುಂಬಿಸಿಕೊಂಡು ಅದೇ ಸಂಜೆ ಘಾಟಿ ಹತ್ತಿದೆ. ಮರುದಿನ ಬೆಳಿಗ್ಗೆಯೂ 32 ಇತ್ತು. ಆ ಸಮಾಧಾನಕ್ಕೆ ಬೆಲೆ ಕಟ್ಟೋಕಾಗಲ್ಲ.

ಆದರೆ ಎಲ್ಲ ಪಂಕ್ಚರ್‌ಗೂ ಇದು ಮದ್ದಲ್ಲ. ಡಿಸೆಂಬರ್‌ನಲ್ಲಿ ತೋಟದ ದಾರಿಯ ಚೂಪು ಕಲ್ಲಿಗೆ ಟೈರಿನ ಪಕ್ಕದ ಗೋಡೆ ಸೀಳಿತು. ದ್ರವವೆಲ್ಲ ಹೊರಗೆ ಚೆಲ್ಲಿತು, ಗಾಳಿ ನಿಲ್ಲಲಿಲ್ಲ. ಕೊನೆಗೆ ತೋಟದ ಪಿಕಪ್‌ನಲ್ಲಿ ಹಾಕಿಕೊಂಡು ಬಂದೆ. ಬಾಟಲಿಯ ಮೇಲೆ ಇದನ್ನು ದೊಡ್ಡ ಅಕ್ಷರದಲ್ಲಿ ಬರೆಯಬೇಕಿತ್ತು, ಅಲ್ವಾ? ಟೈರ್ ಬಿಚ್ಚಿದ ಹುಡುಗ, "ಅಣ್ಣಾ, ಇದು ಹಾಕ್ಸಿದ್ರೆ ಮೊದ್ಲೇ ಹೇಳಿ, ಮೈಯೆಲ್ಲಾ ಆಗತ್ತೆ" ಎಂದ. ಅವನು ಹೇಳಿದ್ದು ಸರಿ. ಒಳಗೆಲ್ಲ ಒರೆಸಿ ಒಣಗಿಸದೆ ಪ್ಯಾಚ್ ಕೂರುವುದಿಲ್ಲ.

ಟ್ಯೂಬ್ ಟೈರಿನವರು ಸುಮ್ನೆ ದುಡ್ಡು ಹಾಕಬೇಡಿ. ಮೊಳೆ ಟ್ಯೂಬನ್ನು ಹರಿದುಬಿಟ್ಟರೆ ಇದು ಹಿಡಿಯುವುದು ಕಷ್ಟ. ಟ್ಯೂಬ್‌ಲೆಸ್‌ನವರೂ ಮೊಳೆ ಕಿತ್ತ ಜಾಗಕ್ಕೆ ಆಮೇಲೆ ಸರಿಯಾಗಿ ಪ್ಯಾಚ್ ಹಾಕಿಸಿ. ಗಾಳಿ ನೋಡುವಾಗ ವಾಲ್ವ್ ಮೇಲೆ ಇರುವಂತೆ ಚಕ್ರ ನಿಲ್ಲಿಸಿ. ಕೆಳಗಿದ್ದರೆ ದ್ರವ ಗೇಜಿನೊಳಗೆ ಹೋಗಿ ಕಟ್ಟಿಕೊಳ್ಳುತ್ತದೆ.

ಮೊನ್ನೆ ಮುಂದಿನ ಚಕ್ರಕ್ಕೂ ಒಂದು ಬಾಟಲಿ ಹಾಕಿದೆ. ಸೀಟಿನ ಕೆಳಗೆ ಪ್ಲಗ್ ಕಿಟ್, ಚಿಕ್ಕ ಪಂಪು ಯಾವಾಗಲೂ ಇರುತ್ತವೆ.