ಮೊದಲ ಬಾಡಿಗೆ ಮನೆ, ಏಳನೆಯ ಪುಟ

ಬಾಡಿಗೆಗೆ ಕೊಡುವ ನನ್ನ ಮೊದಲ ಮನೆಯನ್ನು ನೋಡಿಕೊಳ್ಳಲು ಒಂದು ನಿರ್ವಹಣಾ ಸಂಸ್ಥೆಗೆ ಒಪ್ಪಿಸಿ 14 ತಿಂಗಳಾಯಿತು. ಐದಕ್ಕೆ ಮೂರು ನಕ್ಷತ್ರ ಕೊಡುತ್ತೇನೆ. ಕಡಿಮೆ ಮಾಡಿದ ಎರಡು ನಕ್ಷತ್ರಗಳಲ್ಲಿ ಒಂದು ನನ್ನದೇ ತಪ್ಪಿಗೆ. ವಿಚಾರಿಸಿದ ಮೂರು ಸಂಸ್ಥೆಗಳಲ್ಲಿ ಕಡಿಮೆ ಶುಲ್ಕದ್ದನ್ನು ಆರಿಸಿದೆ. ಆ ಶುಲ್ಕ ಕೈಗೆ ಬಂದ ಬಾಡಿಗೆಯ ಮೇಲೋ, ಬರಬೇಕಾದ ಬಾಡಿಗೆಯ ಮೇಲೋ ಎಂದು ಕೇಳಲೇ ಇಲ್ಲ. ಮನೆ ಎರಡು ತಿಂಗಳು ಖಾಲಿ ಬಿದ್ದಾಗಲೂ ಬಿಲ್ ತಪ್ಪದೆ ಬಂತು. ಒಪ್ಪಂದದ ಏಳನೆಯ ಪುಟದಲ್ಲಿ ಅದು ಸ್ಪಷ್ಟವಾಗಿಯೇ ಇತ್ತು. ನಾನು ನಾಲ್ಕನೆಯ ಪುಟಕ್ಕೆ ಬರುವಷ್ಟರಲ್ಲೇ ಸಹಿ ಹಾಕಲು ಪೆನ್ನು ಹುಡುಕುತ್ತಿದ್ದೆ.

ದುರಸ್ತಿಯ ವಿಷಯದಲ್ಲಿ ಜಗಳವೇ ಆಯಿತು. ಸೋರುವ ನಲ್ಲಿಗೆ ವಾಷರ್ ಹಾಕಿಸುವ ಬದಲು ನಲ್ಲಿಯನ್ನೇ ಬದಲಾಯಿಸಿ, ಪ್ಲಂಬರ್ ಬಿಲ್ಲಿನ ಮೇಲೆ ತಮ್ಮ ಪಾಲನ್ನೂ ಸೇರಿಸಿದ್ದರು. ಖರ್ಚು ನಿಗದಿತ ಮೊತ್ತ ಮೀರಿದರೆ ನನ್ನ ಒಪ್ಪಿಗೆ ಬೇಕು, ಮೂಲ ಬಿಲ್ ಕಳುಹಿಸಬೇಕು ಎಂದು ಈಗ ಬರೆಸಿಕೊಂಡಿದ್ದೇನೆ.

ಬಾಡಿಗೆದಾರರನ್ನು ಆರಿಸುವುದರಲ್ಲಿ ಮಾತ್ರ ಅವರು ಗಟ್ಟಿಗರು. ಆದಾಯದ ದಾಖಲೆ ನೋಡಿದರು, ಹಿಂದಿನ ಮನೆ ಮಾಲೀಕರಿಗೆ ಫೋನ್ ಮಾಡಿದರು, ಬೀಗದ ಕೈ ಕೊಡುವ ಮೊದಲು ಪ್ರತಿ ಗೋಡೆಯ ಫೋಟೊ ತೆಗೆದಿಟ್ಟರು. ಮನೆ ಖಾಲಿ ಮಾಡುವ ದಿನ ಆ ಫೋಟೊಗಳೇ ಠೇವಣಿಯ ಲೆಕ್ಕವನ್ನು ಐದು ನಿಮಿಷದಲ್ಲಿ ಮುಗಿಸಿದವು. 60 ದಿನಗಳ ನೋಟಿಸ್ ಕೊಟ್ಟು ನಾನು ಬೇರೆಡೆಗೆ ಹೋಗಬಹುದು, ಸದ್ಯಕ್ಕೆ ಕೊಟ್ಟಿಲ್ಲ.